ಮೊದಲ ಮಹಾಯುದ್ಧದ ಕೊನೆಯ ಯೋಧರು: ಲೆಕ್ಕ ಇಟ್ಟವರು ಯಾರು, ಮೈಸೂರು ಲ್ಯಾನ್ಸರ್ಸ್‌ನ ಲೆಕ್ಕ ಎಲ್ಲಿ?

ಪ್ರಶ್ನೆ: ಕುದುರೆಲಾಯ

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರ ಪೈಕಿ ಎಲ್ಲರಿಗಿಂತ ಕೊನೆಗೆ ತೀರಿಕೊಂಡವರು ಯಾರು ಎಂಬ ಪ್ರಶ್ನೆಗೆ ಓದಿದಲ್ಲೆಲ್ಲ ಬೇರೆ ಬೇರೆ ಉತ್ತರ ಸಿಗುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ. ಒಂದು ಕಡೆ 2009ರ ಜುಲೈ 25ರಂದು 111ನೆಯ ವಯಸ್ಸಿನಲ್ಲಿ ತೀರಿಕೊಂಡ ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ಅವರ ಹೆಸರಿದೆ. ಇನ್ನೊಂದು ಕಡೆ 2011ರ ಮೇ 5ರಂದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಿಧನರಾದ ಕ್ಲಾಡ್ ಚೂಲ್ಸ್ ಅವರ ಹೆಸರಿದೆ. ಮತ್ತೊಂದು ಕಡೆ 2012ರ ಫೆಬ್ರವರಿ 4ರಂದು ತೀರಿಕೊಂಡ ಫ್ಲಾರೆನ್ಸ್ ಗ್ರೀನ್ ಎಂಬ ಮಹಿಳೆಯೇ ಕೊನೆಯವರು ಎನ್ನುತ್ತಾರೆ. ಮೂರೂ ಹೇಳಿಕೆಗಳು ಒಟ್ಟಿಗೆ ನಿಲ್ಲುವುದು ಹೇಗೆ, ಮತ್ತು ಇಂಥ ತೀರ್ಮಾನಗಳನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ನಮಗೆ ಹತ್ತಿರದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಜೋಧಪುರ ಲ್ಯಾನ್ಸರ್ಸ್ (ಈಟಿ ಹಿಡಿದ ಕುದುರೆ ಸವಾರರ ದಳ) ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆದರೆ ಆ ದಳದಲ್ಲಿ ಕೊನೆಯವರೆಗೆ ಬದುಕಿದ್ದವರು ಯಾರು ಎಂಬುದನ್ನು ಯಾರೂ ಎಲ್ಲಿಯೂ ಬರೆದಂತೆ ಕಾಣುವುದಿಲ್ಲ. ಇಂಗ್ಲೆಂಡ್, ಫ್ರಾನ್ಸ್, ಕೆನಡಾಗಳಿಗೆ ಸಾಧ್ಯವಾದ ಈ ಎಣಿಕೆ ನಮ್ಮಲ್ಲಿ ಏಕೆ ಆಗಲಿಲ್ಲ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಹಳೆಯ ಕಡತ

ಮೂರು ಹೇಳಿಕೆಗಳೂ ಸರಿಯೇ. ಒಬ್ಬೊಬ್ಬರ ವಿಷಯದಲ್ಲಿ ಹಾಕಿಕೊಂಡ ಷರತ್ತು ಮಾತ್ರ ಬೇರೆ. ಪ್ಯಾಚ್ ಅವರು ಪಶ್ಚಿಮ ರಣರಂಗದ ಕಂದಕಗಳಲ್ಲಿ ಕಾದಾಡಿದವರ ಪೈಕಿ ಕೊನೆಯವರು. ಸಾಮರ್‌ಸೆಟ್‌ನ ಈ ಪ್ಲಂಬರ್ ಹುಡುಗ 1916ರಲ್ಲಿ ಕಡ್ಡಾಯ ಭರ್ತಿಯಲ್ಲಿ ಸೇನೆಗೆ ಸೇರಿ, ಲೂಯಿಸ್ ಮೆಷಿನ್‌ಗನ್ ತಂಡದಲ್ಲಿ ಪಾಷೆಂಡೇಲ್ ಕದನಕ್ಕೆ ಹೋದವರು. 1917ರ ಸೆಪ್ಟೆಂಬರ್ 22ರಂದು ತಲೆಯ ಮೇಲೆ ಸಿಡಿದ ಶೆಲ್ ಅವರ ಮೂವರು ಸಂಗಾತಿಗಳನ್ನು ಕೊಂದಿತು, ಅವರಿಗೂ ಗಾಯವಾಯಿತು. ಚೂಲ್ಸ್ ಅವರು ನೌಕಾಪಡೆಯವರು. 'ರಿವೆಂಜ್' ಯುದ್ಧನೌಕೆಯಲ್ಲಿದ್ದು 1918ರಲ್ಲಿ ಜರ್ಮನ್ ನೌಕಾಬಲ ಶರಣಾದುದನ್ನೂ, ಮರುವರ್ಷ ಸ್ಕಾಪಾ ಫ್ಲೋ ಬಂದರಿನಲ್ಲಿ ಆ ಹಡಗುಗಳನ್ನು ಜರ್ಮನ್ನರೇ ಮುಳುಗಿಸಿದ್ದನ್ನೂ ಕಂಡವರು. ಹೀಗಾಗಿ, ಕಂದಕದಲ್ಲಿ ಇಳಿದಿರಬೇಕು ಎಂಬ ಷರತ್ತನ್ನು ಬಿಟ್ಟು ಯುದ್ಧಪಡೆಯೊಂದರಲ್ಲಿ ಇದ್ದಿರಬೇಕು ಎಂದು ಹಿಡಿದರೆ ಕೊನೆಯವರು ಚೂಲ್ಸ್ ಆಗುತ್ತಾರೆ. ಫ್ಲಾರೆನ್ಸ್ ಗ್ರೀನ್ ಅವರು 17 ವರ್ಷದವರಿದ್ದಾಗ, 1918ರ ಸೆಪ್ಟೆಂಬರ್‌ನಲ್ಲಿ, ಮಹಿಳಾ ರಾಯಲ್ ಏರ್‌ಫೋರ್ಸ್ ಸೇರಿ ನಾರ್ಫೋಕ್‌ನ ವಾಯುನೆಲೆಗಳಲ್ಲಿ ಅಧಿಕಾರಿಗಳ ಮೆಸ್ಸಿನಲ್ಲಿ ಬಡಿಸುವ ಕೆಲಸ ಮಾಡಿದವರು. ಸಮವಸ್ತ್ರ ತೊಟ್ಟು ವೇತನಪಟ್ಟಿಯಲ್ಲಿ ಇದ್ದವರೆಲ್ಲರನ್ನೂ ಎಣಿಸುವುದಾದರೆ ಪಟ್ಟಿ ಅವರಿಗೆ ಮುಗಿಯುತ್ತದೆ.

ಗ್ರೀನ್ ಅವರ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2010ರವರೆಗೆ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಸಂಶೋಧಕರೊಬ್ಬರು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅವರ ಸೇವಾ ದಾಖಲೆಯನ್ನು ಹುಡುಕಿ ತೆಗೆದ ಮೇಲಷ್ಟೇ ಯೋಧರೆಂದು ಅವರನ್ನು ಗುರುತಿಸಲಾಯಿತು. ಆ ವೇಳೆಗಾಗಲೇ ಅವರಿಗೆ 108 ವರ್ಷ ದಾಟಿತ್ತು, ಹಾಗೂ ಪ್ಯಾಚ್ ಅವರ ನಿಧನದ ನಂತರ 2009ರ ನವೆಂಬರ್ 11ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆ ಇಡೀ ಪೀಳಿಗೆಯ ನಿರ್ಗಮನವನ್ನು ಸ್ಮರಿಸುವ ಪ್ರಾರ್ಥನೆಯೂ ನಡೆದುಹೋಗಿತ್ತು. ಅಂದರೆ ಬ್ರಿಟನ್ ತನ್ನ ಯೋಧರ ಪೀಳಿಗೆಗೆ ವಿದಾಯ ಹೇಳುತ್ತಿದ್ದ ಹೊತ್ತಿನಲ್ಲಿ ಆ ಪೀಳಿಗೆಯ ಒಬ್ಬರು ಕಿಂಗ್ಸ್ ಲಿನ್ ಪಟ್ಟಣದಲ್ಲಿ ಮಗಳ ಮನೆಯಲ್ಲಿ ಆರಾಮವಾಗಿದ್ದರು.

ಕಾಲದ ಗಡಿಯೂ ಒಂದು ತೊಡಕು. ಕದನವಿರಾಮವಾದದ್ದು 1918ರ ನವೆಂಬರ್ 11ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿಯಾದದ್ದು 1919ರ ಜೂನ್ 28ರಂದು. ಈ ಎರಡು ದಿನಾಂಕಗಳ ನಡುವೆ ಸೇನೆಗೆ ಸೇರಿದವರನ್ನು ಎಣಿಕೆಗಾರರು ಪ್ರತ್ಯೇಕ ಪಟ್ಟಿಯಲ್ಲಿ ಇಡುತ್ತಾರೆ. ಯುದ್ಧದ ಬಾಲದಂತೆ ಮುಂದುವರಿದ ಇತರ ಕದನಗಳನ್ನೂ ಸೇರಿಸಿಕೊಂಡರೆ, 1920ರ ಪೋಲೆಂಡ್–ಸೋವಿಯತ್ ಯುದ್ಧದಲ್ಲಿ ಅಶ್ವದಳದಲ್ಲಿದ್ದ ಯೂಝೆಫ್ ಕೊವಾಲ್‌ಸ್ಕಿ 2013ರ ಡಿಸೆಂಬರ್‌ವರೆಗೂ ಬದುಕಿದ್ದರು. ಅಲ್ಲಿಗೆ ಗ್ರೀನ್ ಅವರೂ ಕೊನೆಯವರಾಗುವುದಿಲ್ಲ.

ದೇಶವಾರು ಪಟ್ಟಿಯೂ ಅಂದುಕೊಂಡಷ್ಟು ಸರಳವಲ್ಲ. ಅಲ್ಸಾಸ್‌ನ ಶಾರ್ಲ್ ಕುಂಟ್ಸ್ ಹುಟ್ಟಿದಾಗ ಆ ಪ್ರಾಂತ ಜರ್ಮನಿಯದು, ಆದ್ದರಿಂದ ಅವರು ಜರ್ಮನ್ ಸೇನೆಯಲ್ಲಿ ಕಾದಾಡಿದರು. 2005ರಲ್ಲಿ ತೀರಿಕೊಳ್ಳುವಾಗ ಅವರು ಫ್ರಾನ್ಸಿನ ಪ್ರಜೆ. ಅವರನ್ನು ಯಾವ ದೇಶದ ಲೆಕ್ಕಕ್ಕೆ ಬರೆಯಬೇಕು? 2004ರಲ್ಲಿ ಬೆಲ್ಜಿಯಂನ ಹಳೆಯ ರಣರಂಗದಲ್ಲಿ ಹ್ಯಾರಿ ಪ್ಯಾಚ್ ಅವರ ಕೈಕುಲುಕಿದ ಹಳೆಯ 'ಶತ್ರು' ಇವರೇ.

ಉತ್ತರ 2: ಹೊಳೆದಂಡೆ

ಹಳೆಯ ಕಡತ ಅವರು ದಾಖಲೆಯ ಬದಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಸರ್ಕಾರಗಳು ಮತ್ತು ಆ ವೃದ್ಧರು ಈ ಪಟ್ಟವನ್ನು ಹೇಗೆ ನೋಡಿದರು ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ 'ಎಣಿಕೆ ನಮ್ಮಲ್ಲಿ ಏಕೆ ಆಗಲಿಲ್ಲ' ಎಂಬ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ.

ಫ್ರಾನ್ಸಿನಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ಅವರು 2005ರಲ್ಲಿಯೇ, ಕೊನೆಯದಾಗಿ ಉಳಿಯುವ ಯೋಧನಿಗೆ ರಾಷ್ಟ್ರೀಯ ಗೌರವದ ಅಂತ್ಯಕ್ರಿಯೆ ನಡೆಯುವುದೆಂದು ಪ್ರಕಟಿಸಿದರು. 2008ರ ಜನವರಿಯಲ್ಲಿ ಲೂಯಿ ದ ಕಾಜ್‌ನಾವ್ ತೀರಿಕೊಂಡ ಮೇಲೆ ಉಳಿದವರು ಲಜಾರ್ ಪೊಂಟಿಚೆಲ್ಲಿ ಒಬ್ಬರೇ. ಅವರು ಹುಟ್ಟಿದ್ದು ಇಟಲಿಯ ಬಡ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ಪ್ಯಾರಿಸ್ ಸೇರಿದ್ದ ಈತ 1914ರಲ್ಲಿ ಫ್ರಾನ್ಸಿನ ವಿದೇಶೀಯರ ಪಡೆಗೆ ಸೇರಿದರು. ಮರುವರ್ಷ ಇಟಲಿಯೂ ಯುದ್ಧಕ್ಕಿಳಿದಾಗ ಅವರನ್ನು ಒತ್ತಾಯದಿಂದ ಇಟಲಿಯ ಪರ್ವತ ಪಡೆಗೆ ಕಳುಹಿಸಲಾಯಿತು. ಅವರಿಗೆ ಫ್ರೆಂಚ್ ಪೌರತ್ವ ದೊರೆತದ್ದು 1939ರಲ್ಲಿ. ಫ್ರಾನ್ಸಿನ ಕೊನೆಯ ಸಿಪಾಯಿ ವಲಸೆ ಬಂದ ಕಾರ್ಮಿಕನಾಗಿದ್ದುದು ಆ ದೇಶದ ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಯಿತು. ಸರ್ಕಾರದ ಗೌರವವನ್ನು ಅವರು ಮೊದಲು ನಿರಾಕರಿಸಿದ್ದರು. ತನಗಿಂತ ಮೊದಲು ಸತ್ತ ಲಕ್ಷಾಂತರ ಜನರಿಗೆ ಏನನ್ನೂ ಮಾಡದೆ ಬದುಕುಳಿದವನೊಬ್ಬನಿಗೆ ಮೆರವಣಿಗೆ ಮಾಡುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಕೊನೆಗೆ, ಸತ್ತವರೆಲ್ಲರ ಹೆಸರಿನಲ್ಲಿ ಸರಳವಾಗಿ ನಡೆಯುವುದಾದರೆ ಆಗಲಿ ಎಂದು ಒಪ್ಪಿದರು. 2008ರ ಮಾರ್ಚ್ 12ರಂದು ಅವರು ತೀರಿಕೊಂಡರು. 17ರಂದು ಪ್ಯಾರಿಸ್ಸಿನ ಸೇನಾ ಸ್ಮಾರಕ ಸಂಕೀರ್ಣವಾದ ಆಂವಾಲೀದ್‌ನಲ್ಲಿ ಅಧ್ಯಕ್ಷ ಸರ್ಕೋಜಿಯವರ ಸಮ್ಮುಖದಲ್ಲಿ ಅಂತಿಮ ಗೌರವ ಸಲ್ಲಿಕೆಯಾಯಿತು.

ಕೆನಡಾದ ಸಂಸತ್ತು ಇಂಥದೇ ನಿರ್ಣಯವನ್ನು 2006ರಲ್ಲಿ ಮಾಡಿತ್ತು. ಕೊನೆಯಲ್ಲಿ ಉಳಿದ ಜಾನ್ ಬ್ಯಾಬ್‌ಕಾಕ್ ಅವರು ಅದನ್ನು ಬೇಡವೆಂದರು. ವಯಸ್ಸು ಸಾಲದೆಂದು ಅವರನ್ನು ಇಂಗ್ಲೆಂಡಿನಲ್ಲಿ ಎಳೆಯರ ಬೆಟಾಲಿಯನ್ನಿನಲ್ಲಿ ಇರಿಸಲಾಗಿತ್ತು, ರಣರಂಗವನ್ನು ಅವರು ಕಾಣಲೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಗಲಿಪೊಲಿ ದಂಡಯಾತ್ರೆಯ ಕೊನೆಯ ಯೋಧ ಅಲೆಕ್ ಕ್ಯಾಂಬೆಲ್ 2002ರ ಮೇ ತಿಂಗಳಿನಲ್ಲಿ ತೀರಿಕೊಂಡಾಗ ಪ್ರಧಾನಿ ಜಾನ್ ಹೊವಾರ್ಡ್ ಚೀನಾ ಪ್ರವಾಸವನ್ನು ಮೊಟಕುಗೊಳಿಸಿ ಹಿಂತಿರುಗಿದರು. ಕ್ಯಾಂಬೆಲ್ ಸುಳ್ಳು ವಯಸ್ಸು ಹೇಳಿ 16ಕ್ಕೇ ಸೇನೆ ಸೇರಿದವರು, ಗಲಿಪೊಲಿಯಲ್ಲಿ ಇದ್ದದ್ದು ಕೆಲವೇ ವಾರ. ಅದೇ ದೇಶದಲ್ಲಿ ನೆಲೆಸಿದ್ದ ಚೂಲ್ಸ್ ಅವರಂತೂ ಯೋಧರನ್ನು ಸ್ಮರಿಸುವ ಆಂಜಾಕ್ ದಿನದ ಪಥಸಂಚಲನಕ್ಕೆ ಹೋಗಲು ಒಪ್ಪುತ್ತಿರಲಿಲ್ಲ. ನೂರು ವರ್ಷ ತುಂಬುವ ತನಕ ಯುದ್ಧದ ಮಾತನ್ನೇ ಎತ್ತದಿದ್ದ ಪ್ಯಾಚ್ ಅವರ ಅಂತ್ಯಕ್ರಿಯೆ ವೆಲ್ಸ್ ಕೆಥೆಡ್ರಲ್‌ನಲ್ಲಿ ನಡೆದಾಗ, ಅವರ ಇಚ್ಛೆಯಂತೆ ಅಲ್ಲಿ ಯಾವ ಬಂದೂಕಿಗೂ ಪ್ರವೇಶವಿರಲಿಲ್ಲ, ಜರ್ಮನಿ, ಫ್ರಾನ್ಸ್ ಮತ್ತು ಬೆಲ್ಜಿಯಂನ ಸಾಮಾನ್ಯ ಸೈನಿಕರು ಪೆಟ್ಟಿಗೆಯ ಜೊತೆ ನಡೆದರು.

ಇವೆಲ್ಲಕ್ಕೂ ಎದುರಾಗಿ ಜರ್ಮನಿಯನ್ನು ನೋಡಿ. ಅಲ್ಲಿನ ಕೊನೆಯ ಯೋಧರೆಂದು ಗುರುತಿಸಲಾದ ಎರಿಕ್ ಕೆಸ್ಟ್ನರ್, ನಿವೃತ್ತ ನ್ಯಾಯಾಧೀಶರು, 2008ರ ಜನವರಿ 1ರಂದು 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಹೊರಬಿದ್ದದ್ದು ವಾರಗಳ ನಂತರ. ಜರ್ಮನ್ ಸರ್ಕಾರ ಯೋಧರ ಪಟ್ಟಿಯನ್ನೇ ಇಡುತ್ತಿರಲಿಲ್ಲ, ಯಾವ ಸಮಾರಂಭವೂ ನಡೆಯಲಿಲ್ಲ. ಎರಡು ಯುದ್ಧ ಸೋತ ದೇಶಕ್ಕೆ ಅಂಥ ಪಟ್ಟಿಯನ್ನು ಇಟ್ಟುಕೊಳ್ಳುವ ಮನಸ್ಸಿರಲಿಲ್ಲವೆಂದು ನನ್ನ ಅಭಿಪ್ರಾಯ. ಕಾಗದಪತ್ರ ಎಷ್ಟೇ ಇರಲಿ, ಎಣಿಸಬೇಕೆನ್ನುವ ಆಸಕ್ತಿ ರಾಜ್ಯಕ್ಕೆ ಇಲ್ಲದಿದ್ದರೆ ಕೊನೆಯವರು ಸದ್ದಿಲ್ಲದೆ ಹೋಗಿಬಿಡುತ್ತಾರೆ.

ಉತ್ತರ 3: ಎಣಿಕೆಗಾರ

ಆಸಕ್ತಿ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಂತರ್ಯುದ್ಧವೇ ಸಾಕ್ಷಿ. 1861ರಿಂದ 1865ರವರೆಗೆ ನಡೆದ ಆ ಯುದ್ಧದ ಕೊನೆಯ ಯೋಧರ ಹುಡುಕಾಟ 1950ರ ದಶಕದಲ್ಲಿ ಪತ್ರಿಕೆಗಳ ದೊಡ್ಡ ಸುದ್ದಿಯಾಗಿತ್ತು. ಉತ್ತರದ ಪಕ್ಷದಲ್ಲಿ ಕೊನೆಗೆ ಉಳಿದವರು ಮಿನ್ನೆಸೋಟ ರಾಜ್ಯದ ಡುಲುತ್ ನಗರದ ಆಲ್ಬರ್ಟ್ ವುಲ್ಸನ್. 1864ರಲ್ಲಿ ನಗಾರಿ ಬಾರಿಸುವ ಹುಡುಗನಾಗಿ ಫಿರಂಗಿ ರೆಜಿಮೆಂಟ್ ಸೇರಿದ್ದ ಅವರು 1956ರ ಆಗಸ್ಟ್ 2ರಂದು ತೀರಿಕೊಂಡರು, ಅವರೊಂದಿಗೆ ಒಂದು ಕಾಲಕ್ಕೆ ಸುಮಾರು ನಾಲ್ಕು ಲಕ್ಷ ಸದಸ್ಯರಿದ್ದ ಮಾಜಿ ಸೈನಿಕರ ಸಂಘಟನೆಯೂ ಮುಚ್ಚಿತು. ಅವರಿಗೆ 109 ವರ್ಷ ಎಂದು ಆಗ ಬರೆದರು. ಜನಗಣತಿಯ ಮೂಲ ಹಾಳೆಗಳನ್ನು ನೋಡಿದ ಸಂಶೋಧಕರ ಲೆಕ್ಕದಲ್ಲಿ 106. ವಯಸ್ಸು ಹೆಚ್ಚು ಹೇಳಿದ್ದರೂ ಸೇವೆ ನಿಜ, ಭರ್ತಿಯ ದಾಖಲೆ ಇದೆ.

ದಕ್ಷಿಣದ ಕಥೆ ಬೇರೆ. ಹ್ಯೂಸ್ಟನ್‌ನ ವಾಲ್ಟರ್ ವಿಲಿಯಮ್ಸ್ ತನಗೆ 117 ವರ್ಷ, ತಾನು ಹುಡ್ಸ್ ಟೆಕ್ಸಾಸ್ ಬ್ರಿಗೇಡಿನಲ್ಲಿ ದಂಡಿಗೆ ಆಹಾರ ಒದಗಿಸುತ್ತಿದ್ದೆ ಎನ್ನುತ್ತಿದ್ದರು. 1959ರ ಸೆಪ್ಟೆಂಬರ್‌ನಲ್ಲಿ ಪತ್ರಕರ್ತ ಲೊವೆಲ್ ಬ್ರಿಡ್‌ವೆಲ್ ದಾಖಲೆಗಳನ್ನು ತೆಗೆದು ನೋಡಿದಾಗ, 1860ರ ಜನಗಣತಿಯಲ್ಲಿ ಈತ ಐದು ವರ್ಷದ ಮಗು ಎಂದಿತ್ತು. ಯುದ್ಧ ಮುಗಿಯುವಾಗ ಹತ್ತು ವರ್ಷ. ಇಷ್ಟಾದರೂ ಆ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಭಾರಿ ಗೌರವದ ಅಂತ್ಯಕ್ರಿಯೆ ನಡೆಯಿತು, ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ಶೋಕವನ್ನೂ ಘೋಷಿಸಿದರು. ಜನಕ್ಕೆ ಬೇಕಾಗಿದ್ದ ಕಥೆಯನ್ನು ಜನಗಣತಿಯ ಹಾಳೆ ಸೋಲಿಸಲಾರದೆ ಹೋಯಿತು. ದಕ್ಷಿಣದ ಕೊನೆಯ ಹಕ್ಕುದಾರರನ್ನೆಲ್ಲ ಇತಿಹಾಸಕಾರ ವಿಲಿಯಂ ಮಾರ್ವೆಲ್ 1991ರಲ್ಲಿ ಒಬ್ಬೊಬ್ಬರನ್ನಾಗಿ ಪರಿಶೀಲಿಸಿದಾಗ, ದಾಖಲೆಯ ಬಲವಿದ್ದ ಕೊನೆಯ ವ್ಯಕ್ತಿ 1951ರ ಡಿಸೆಂಬರ್ 31ರಂದು ತೀರಿಕೊಂಡ ಅಲಬಾಮಾದ ಪ್ಲೆಸೆಂಟ್ ಕ್ರಂಪ್ ಎಂದು ಕಂಡುಬಂತು. ಅವರ ನಂತರ ಬದುಕಿದ್ದವರು ಸುಳ್ಳು ಹೇಳಲು ಕಾರಣ ಬಹುಪಾಲು ಹೊಟ್ಟೆಪಾಡು. 1930ರ ದಶಕದ ಆರ್ಥಿಕ ಕುಸಿತದಲ್ಲಿ ದಕ್ಷಿಣದ ರಾಜ್ಯಗಳು ಹಳೆಯ ಸೈನಿಕರಿಗೆ ಪಿಂಚಣಿ ಕೊಡುತ್ತಿದ್ದವು, ಬಡ ವೃದ್ಧನೊಬ್ಬ ತನ್ನ ವಯಸ್ಸಿಗೆ ಹತ್ತು ವರ್ಷ ಸೇರಿಸಿದರೆ ಅದನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಪಿಂಚಣಿಗೆಂದು ಹೇಳಿದ ಸುಳ್ಳು ಇಪ್ಪತ್ತು ವರ್ಷಗಳ ನಂತರ ಅವರನ್ನು 'ಕೊನೆಯ ವೀರ'ರನ್ನಾಗಿ ಮಾಡಿತು.

ಪಿಂಚಣಿಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಅದೇ ಯುದ್ಧದ ಲೆಕ್ಕದಲ್ಲಿ ಅಮೆರಿಕ ಸರ್ಕಾರ 2020ರವರೆಗೂ ಹಣ ಕೊಡುತ್ತಿತ್ತು. ಮೋಸ್ ಟ್ರಿಪ್ಲೆಟ್ ಎಂಬವರು ಮೊದಲು ದಕ್ಷಿಣದ ಸೇನೆಯಲ್ಲಿದ್ದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರದ ಪಡೆ ಸೇರಿದ್ದರು. ಎಪ್ಪತ್ತು ದಾಟಿದ ಮೇಲೆ ತನಗಿಂತ ಬಹಳ ಚಿಕ್ಕವಳನ್ನು ಮದುವೆಯಾದರು. 1930ರಲ್ಲಿ ಹುಟ್ಟಿದ ಅವರ ಮಗಳು ಐರೀನ್ ಟ್ರಿಪ್ಲೆಟ್ ತಂದೆಯ ಸೇವೆಗಾಗಿ ತಿಂಗಳಿಗೆ 73.13 ಡಾಲರ್ ಪಡೆಯುತ್ತಿದ್ದರು, 2020ರ ಮೇ 31ರಂದು ನಿಧನರಾದರು. ಯೋಧರ ಬದುಕು ಮುಗಿದರೂ ಖಜಾನೆಯ ಪುಸ್ತಕದಲ್ಲಿ ಯುದ್ಧ ಮುಂದುವರಿದಿರುತ್ತದೆ. ಇಂಥ ಹುಡುಕಾಟ ನಡೆಸುವವರು ಖಜಾನೆಯ ಪುಸ್ತಕದಿಂದಲೇ ಆರಂಭಿಸುವುದು ಇದೇ ಕಾರಣಕ್ಕೆ.

ಕುದುರೆಲಾಯ

ಮೂವರಿಗೂ ಧನ್ಯವಾದಗಳು. ಮೊದಲ ಪ್ರಶ್ನೆಗೆ ಸಂಪೂರ್ಣ ಉತ್ತರ ದೊರೆತಂತಾಯಿತು. ಹಾಗಿದ್ದರೆ ನಮ್ಮ ಖಜಾನೆಯ ಪುಸ್ತಕಗಳು ಏನಾದವು ಎಂಬುದು ಉಳಿಯಿತು. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಪಡೆ, ಬ್ರಿಟಿಷ್ ಭಾರತದ ಸೇನೆಯಲ್ಲ. ಆ ಕಾರಣದಿಂದ ಅವರ ದಾಖಲೆ ಬೇರೆ ಕಡೆ ಇರಬೇಕಲ್ಲವೇ?

ಉತ್ತರ 4: ಮಾಜಿ ಹವಾಲ್ದಾರ್

ತಾವು ಕೇಳಿದ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇದೆ. ಇಂಪೀರಿಯಲ್ ಸರ್ವಿಸ್ ಪಡೆಗಳೆಂದರೆ ದೇಶೀಯ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದಾಗ ಸಾಮ್ರಾಜ್ಯದ ಸೇವೆಗೆ ಒಪ್ಪಿಸುತ್ತಿದ್ದ ದಳಗಳು. ಭರ್ತಿ, ವೇತನ, ನಿವೃತ್ತಿಯ ಲೆಕ್ಕ ಸಂಸ್ಥಾನದ್ದು; ರಣರಂಗದಲ್ಲಿ ಆಜ್ಞೆ ಬ್ರಿಟಿಷ್ ಸೇನಾಧಿಕಾರಿಗಳದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಯುದ್ಧದ ಆರಂಭದಲ್ಲಿ 50 ಲಕ್ಷ ರೂಪಾಯಿಯನ್ನೂ ಕೊಟ್ಟಿದ್ದರು. 1914ರಲ್ಲಿ ಈಜಿಪ್ಟಿಗೆ ಹೋದ ಲ್ಯಾನ್ಸರ್ಸ್ ಮೊದಲು ಸೂಯೆಜ್ ಕಾಲುವೆಯ ಕಾವಲಿಗಿದ್ದು, ಆಮೇಲೆ ಪ್ಯಾಲೆಸ್ತೀನಿನ ದಂಡಯಾತ್ರೆಯಲ್ಲಿ ಮುಂದುವರಿದರು. ಹೈಫಾ ದಿನದ ಬಗ್ಗೆ ನಮ್ಮ ಜನ ಕುದುರೆಗಳ ನಾಗಾಲೋಟವನ್ನಷ್ಟೇ ನೆನೆಯುತ್ತಾರೆ. ಆದರೆ ಜೋಧಪುರದವರು ಊರೊಳಗೆ ನುಗ್ಗುವ ಮೊದಲು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಸುಮ್ಮನಾಗಿಸಬೇಕಿತ್ತು, ಆ ಕಡಿದಾದ ಬೆಟ್ಟ ಹತ್ತಿದ್ದು ಮೈಸೂರಿನ ಒಂದು ಸ್ಕ್ವಾಡ್ರನ್. ಉಳಿದ ಮೈಸೂರಿನವರು ಕೆಳಗೆ ಗುಂಡಿನ ರಕ್ಷಣೆ ಕೊಟ್ಟು, ಬಳಿಕ ಜೋಧಪುರದವರ ಹಿಂದೆಯೇ ನಗರವನ್ನು ಹೊಕ್ಕರು. ಸೆರೆಸಿಕ್ಕ ತುರ್ಕಿ ಮತ್ತು ಜರ್ಮನ್ ಕಡೆಯವರು 1,350 ಮಂದಿ. ಹೈದರಾಬಾದ್ ಲ್ಯಾನ್ಸರ್ಸ್ ಇದೇ ಬ್ರಿಗೇಡಿಗೆ ಸೇರಿದವರು, ತೀನ್ ಮೂರ್ತಿಯ ಮೂರನೆಯ ಪ್ರತಿಮೆ ಅವರದು.

ಈಗ ದಾಖಲೆಗೆ ಬರೋಣ. ಯುದ್ಧ ಮುಗಿದ ಮೇಲೆ ಈ ದಳಗಳ ಇತಿಹಾಸ ಹಲವು ಕೈ ದಾಟಿತು. ಸಂಸ್ಥಾನಗಳು ವಿಲೀನವಾದ ನಂತರ 1953ರಲ್ಲಿ ಜೈಪುರದಲ್ಲಿ 61ನೆಯ ಅಶ್ವದಳ ರಚನೆಯಾದಾಗ ಮೈಸೂರು ಲ್ಯಾನ್ಸರ್ಸ್‌ನ ಪರಂಪರೆ ಅದರೊಳಗೆ ಸೇರಿತು. ರೆಜಿಮೆಂಟಿನ ನೆನಪು ಜೈಪುರಕ್ಕೆ ಹೋಯಿತು, ಮೈಸೂರು ಸರ್ಕಾರದ ಸೇನಾ ಇಲಾಖೆಯ ಕಾಗದಪತ್ರ ಇಲ್ಲೇ ಉಳಿಯಿತು. ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗುವವರು 'ಮಹಾಯುದ್ಧ' ಎಂಬ ಶೀರ್ಷಿಕೆಯನ್ನು ಮಾತ್ರ ಹುಡುಕದೆ, ಹಳೆಯ ಮೈಸೂರು ಸರ್ಕಾರದ ಸೇನಾ ಇಲಾಖೆಯ ಕಡತಗಳನ್ನೂ ವಾರ್ಷಿಕ ಆಡಳಿತ ವರದಿಗಳನ್ನೂ ಕೇಳಬೇಕು. ಸಿಪಾಯಿಯ ಹೆಸರು ಸಿಗುವ ಸಾಧ್ಯತೆ ಹೆಚ್ಚಾಗಿರುವುದು ಪಿಂಚಣಿ, ಇನಾಮು, ವಿಧವಾ ವೇತನದಂಥ ಒಣ ಕಡತಗಳಲ್ಲಿ.

ಬ್ರಿಟಿಷ್ ಭಾರತದ ಸೇನೆಯ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. ಸುಮಾರು 13 ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು, 74,000ಕ್ಕೂ ಹೆಚ್ಚು ಮಂದಿ ಸತ್ತರು. ಯುದ್ಧಕಾಲಕ್ಕೆಂದು ಸೇರಿದವರಲ್ಲಿ ಬಹುತೇಕರು ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬಿಸದೆ ಬಿಡುಗಡೆ ಹೊಂದಿದ್ದರಿಂದ ಊರಿಗೆ ಬಂದ ಮೇಲೆ ಸರ್ಕಾರಕ್ಕೂ ಅವರಿಗೂ ಲೇವಾದೇವಿ ಉಳಿಯಲಿಲ್ಲ. ಹಳ್ಳಿಗಳಲ್ಲಿ ನೆಟ್ಟ ಅಮೃತಶಿಲೆಯ ಫಲಕಗಳನ್ನು ಕೆಲವರು ನೋಡಿರಬಹುದು: 'ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು' ಎಂಬಷ್ಟೇ ಬರಹ. ಸಂಖ್ಯೆ ಇದೆ, ಹೆಸರಿಲ್ಲ. ಅದು ಅಂದಿನ ಸರ್ಕಾರದ ದೃಷ್ಟಿಯನ್ನು ಚೆನ್ನಾಗಿ ಹೇಳುತ್ತದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ತನ್ನ ವರದಿಯಲ್ಲಿ, ಬಹುಪಾಲು ಆಫ್ರಿಕಾದವರಾದ ಕನಿಷ್ಠ 1,16,000 ಮಂದಿ ಮೃತರ ಹೆಸರುಗಳನ್ನು ಎಲ್ಲಿಯೂ ಕೆತ್ತಿಸಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಸತ್ತವರಿಗೇ ಹೆಸರಿಲ್ಲದ ಮೇಲೆ ಬದುಕಿ ಬಂದವರನ್ನು ಯಾರು ಎಣಿಸುತ್ತಾರೆ?

ವಯಸ್ಸಿನ ತೊಡಕು ಇದಕ್ಕಿಂತ ದೊಡ್ಡದು. ಭರ್ತಿಯ ಸಮಯದಲ್ಲಿ ಹುಡುಗನನ್ನು ನೋಡಿದರೆ ಎಷ್ಟು ವಯಸ್ಸಾಗಿರುವಂತೆ ಕಾಣುತ್ತಾನೋ ಅಷ್ಟನ್ನು ಬರೆದುಕೊಳ್ಳುತ್ತಿದ್ದರು. ಜನನ ಮರಣ ನೋಂದಣಿ ನಮ್ಮ ದೇಶದಾದ್ಯಂತ ಕಡ್ಡಾಯವಾದದ್ದು 1969ರ ಅಧಿನಿಯಮದಿಂದ. ಎಣಿಕೆಗಾರ ಅವರು ಹೇಳಿದ ಅಮೆರಿಕದ ಸುಳ್ಳುಗಳನ್ನು ಬಯಲಿಗೆಳೆದದ್ದು ಹತ್ತು ವರ್ಷಕ್ಕೊಮ್ಮೆ ಪ್ರತಿ ಮನೆಯವರ ಹೆಸರು ಬರೆದುಕೊಂಡ ಜನಗಣತಿಯ ಹಾಳೆಗಳು. ನಮ್ಮಲ್ಲಿ ಜನಗಣತಿಯ ಕೋಷ್ಟಕಗಳು ಪುಸ್ತಕವಾದವು, ಮನೆಮನೆಯ ಹಾಳೆಗಳನ್ನು ಹಾಗೆ ಹುಡುಕಲು ಬರುವುದಿಲ್ಲ. ನೂರಾಹತ್ತು ವರ್ಷದ ಮಾಜಿ ಸಿಪಾಯಿ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೂ ಅದನ್ನು ನಂಬುವುದಕ್ಕಾಗಲೀ ತಳ್ಳಿಹಾಕುವುದಕ್ಕಾಗಲೀ ಆಧಾರ ಸಾಲದು.

ಆದರೂ ಪೂರ್ತಿ ಕತ್ತಲೆಯಿಲ್ಲ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಯಾರೂ ಮುಟ್ಟದೆ ಬಿದ್ದಿದ್ದ ರಿಜಿಸ್ಟರುಗಳಲ್ಲಿ ಪಂಜಾಬಿನ 3,20,000 ಸೈನಿಕರ ವಿವರ, ಊರು ಮತ್ತು ಜಿಲ್ಲೆಗಳ ಸಮೇತ, ದೊರೆತು, 2021ರಿಂದ ಅದನ್ನು ಗಣಕಕ್ಕೇರಿಸುವ ಕೆಲಸ ಸಾರ್ವಜನಿಕರ ಮುಂದೆ ಬಂದಿದೆ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ, ಜರ್ಮನ್ನರ ಸೆರೆಯಲ್ಲಿದ್ದ ಭಾರತೀಯ ಸಿಪಾಯಿಗಳ ಧ್ವನಿಮುದ್ರಿಕೆಗಳಿವೆ. 1916ರಲ್ಲಿ ಮಾಲ್ ಸಿಂಗ್ ಎಂಬ ಸಿಪಾಯಿ ಊರಿನ ಬೆಣ್ಣೆಯನ್ನು ನೆನೆದು ಮಾತನಾಡಿದ ಒಂದು ಮುದ್ರಿಕೆ ಇಂದಿಗೂ ಕೇಳಸಿಗುತ್ತದೆ. ಪಂಜಾಬಿಗೆ ಸಿಕ್ಕಂಥ ರಿಜಿಸ್ಟರು ಮೈಸೂರಿನದೂ ಸಿಗಬೇಕಾದರೆ ಯಾರಾದರೂ ಬೀರು ತೆರೆದು ಧೂಳು ಕೊಡವಬೇಕು.

ಉತ್ತರ 5: ಹೊಳೆದಂಡೆ

ಹವಾಲ್ದಾರ್ ಅವರ ಬರಹವನ್ನು ಗೌರವದಿಂದ ಓದಿದೆ. ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲು ಅನುಮತಿ ಕೊಡಿ. 'ಕೊನೆಯವರು ಯಾರು' ಎಂಬ ಹುಡುಕಾಟಕ್ಕೆ ನಾವು ಅಷ್ಟು ಶಕ್ತಿಯನ್ನು ಖರ್ಚು ಮಾಡಬೇಕೇ? ಪಾಶ್ಚಾತ್ಯ ಪತ್ರಿಕೆಗಳಲ್ಲಿ ಇದು ಒಂದು ಬಗೆಯ ಓಟದ ಪಂದ್ಯದಂತೆ ಆಗಿತ್ತು, ಮತ್ತು ದೀರ್ಘಾಯುಸ್ಸಿಗೂ ಶೌರ್ಯಕ್ಕೂ ಸಂಬಂಧವಿಲ್ಲ ಎಂಬುದನ್ನು ಆ ವೃದ್ಧರೇ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳುತ್ತಿದ್ದರು. ಹೈಫಾದ ಕೊನೆಯ ಸವಾರನ ಹೆಸರು ಸಿಕ್ಕರೂ ಆತ ಏನನ್ನು ಕಂಡನೆಂದು ಇನ್ನು ಕೇಳುವಂತಿಲ್ಲ.

ಕೇಳುವಂತಿರುವುದು ಎರಡನೆಯ ಮಹಾಯುದ್ಧದವರನ್ನು. ಅವರ ಪಟ್ಟಿಗಳೂ ಮುಗಿಯುತ್ತಿವೆ. ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ 'ಅರಿಜೋನಾ' ನೌಕೆಯಲ್ಲಿ ಬದುಕುಳಿದವರ ಪೈಕಿ ಕೊನೆಯವರಾದ ಲೂ ಕಾಂಟರ್ 2024ರ ಏಪ್ರಿಲ್ 1ರಂದು, 1940ರ ವಾಯುಕದನವಾದ 'ಬ್ಯಾಟಲ್ ಆಫ್ ಬ್ರಿಟನ್'ನ ಕೊನೆಯ ವಿಮಾನ ಚಾಲಕ ಜಾನ್ ಹೆಮಿಂಗ್‌ವೇ 2025ರ ಮಾರ್ಚ್ 17ರಂದು ತೀರಿಕೊಂಡರು. ಭಾರತೀಯ ಸೇನೆಯಲ್ಲಿ ಆ ಯುದ್ಧದ ವೇಳೆಗೆ 25 ಲಕ್ಷ ಮಂದಿ ಇದ್ದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವರು ಬರ್ಮಾದಲ್ಲೂ ಆಫ್ರಿಕಾದಲ್ಲೂ ಇಟಲಿಯಲ್ಲೂ ಸೇತುವೆ ಕಟ್ಟಿದರು. 1945ರಲ್ಲಿ 18 ವರ್ಷದವರಾಗಿದ್ದವರಿಗೆ ಈಗ ನೂರರ ಆಸುಪಾಸು. ಕೊಡಗಿನಲ್ಲಿ, ಕೋಲಾರದಲ್ಲಿ, ಬೆಂಗಳೂರಿನ ಹಳೆಯ ದಂಡು ಪ್ರದೇಶದಲ್ಲಿ ಇಂಥ ಒಬ್ಬಿಬ್ಬರಾದರೂ ಇದ್ದರೆ, ಪತ್ರಾಗಾರಕ್ಕಿಂತ ಮೊದಲು ಹೋಗಬೇಕಾದದ್ದು ಅವರ ಮನೆಗೆ.

ಉತ್ತರ 6: ಮಾಜಿ ಹವಾಲ್ದಾರ್

ಹೊಳೆದಂಡೆ ಅವರು ಹೇಳಿದ್ದು ಸರಿ, ಆದರೆ ಎರಡೂ ಕೆಲಸ ಒಟ್ಟಿಗೆ ನಡೆಯಬಹುದು. ಹೆಸರು ಹುಡುಕುವುದು ಪಂದ್ಯಕ್ಕಾಗಿ ಅಲ್ಲ. ಹೆಸರು ಸಿಕ್ಕಿದರೆ ಊರು ಸಿಗುತ್ತದೆ, ಊರು ಸಿಕ್ಕಿದರೆ ಮೊಮ್ಮಕ್ಕಳ ಪೆಟ್ಟಿಗೆಯಲ್ಲಿ ಉಳಿದಿರುವ ಕಾಗದ ಸಿಗುತ್ತದೆ.

ಮನೆಯಲ್ಲಿ ಹಳೆಯ ಪದಕವಿರುವವರಿಗೆ ಒಂದು ಸೂಚನೆ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ ಮತ್ತು ವಿಕ್ಟರಿ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ದರ್ಜೆ, ಹೆಸರು ಮತ್ತು ದಳದ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಯುದ್ಧ ಪದಕ ಬೆಳ್ಳಿಯದಾದರೆ ಸೈನಿಕನದು. ಕಂಚಿನದಾದರೆ ಬಹುಮಟ್ಟಿಗೆ ಕಾರ್ಮಿಕ ದಳದವನದು, ಅದು ಇನ್ನೂ ಅಪರೂಪ. ಹೊಳೆಯಲೆಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆದುಹೋಗುತ್ತದೆ. ಓರೆ ಬೆಳಕಿನಲ್ಲಿ ಅಂಚಿನ ಸುತ್ತ ನಾಲ್ಕೈದು ಫೋಟೋ ತೆಗೆದು ಇಲ್ಲಿ ಹಾಕಿದರೆ ಓದಿ ಹೇಳಲು ನಾನೂ ಹಳೆಯ ಕಡತ ಅವರೂ ಪ್ರಯತ್ನಿಸುತ್ತೇವೆ. ಬಿಡುಗಡೆ ಪತ್ರವಿದ್ದರೆ ಎರಡೂ ಬದಿಯ ಫೋಟೋ ಹಾಕಿ, ಹಿಂಬದಿಯಲ್ಲಿ ಊರು ಮತ್ತು ತಾಲ್ಲೂಕಿನ ಹೆಸರು ಬರೆದಿರುವುದುಂಟು. ಕುದುರೆಲಾಯ ಅವರು ಜೆ.ಸಿ. ನಗರದ ಸ್ಮಾರಕದ ಬರಹವನ್ನು ಪೂರ್ತಿಯಾಗಿ ನಕಲು ಮಾಡಿ ಕಳುಹಿಸಿದರೆ, ಅಲ್ಲಿಂದಲೇ ಪಟ್ಟಿ ಆರಂಭಿಸೋಣ.